ಎಂಬಿಬಿಎಸ್ ಇಲ್ಲದೆ ಇಮ್ಯುನಾಲಜಿ: ರಸಾಯನಶಾಸ್ತ್ರ ಓದಿದ ಟೊನೆಗಾವಾ ಹಿಡಿದ ದಾರಿ

ಪ್ರಶ್ನೆ: ಮಲ್ಪೆಯಲ್ಲಿ ನನ್ನದು ಬೋಟುಗಳ ಬಿಡಿಭಾಗಗಳ ಅಂಗಡಿ. ಮಗಳು ಮಂಗಳೂರಿನ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರ ತೆಗೆದುಕೊಂಡು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಎರಡು ಸಲ ನೀಟ್ ಬರೆದರೂ ಎಂಬಿಬಿಎಸ್ ಸೀಟು ಸಿಗಲಿಲ್ಲ. ಈಗ ಇಮ್ಯುನಾಲಜಿ, ಮಾಲಿಕ್ಯುಲರ್ ಬಯಾಲಜಿಯಲ್ಲಿ ಸಂಶೋಧನೆ ಮಾಡುತ್ತೇನೆಂದು ಹಟ ಹಿಡಿದಿದ್ದಾಳೆ. ಡಾಕ್ಟರಾಗದವರು ರೋಗಕ್ಕೆ ಸಂಬಂಧಪಟ್ಟ ಸಂಶೋಧನೆ ಮಾಡಲು ಸಾಧ್ಯವೇ? ಆ ಕೆಲಸದಲ್ಲಿ ದಿನವಿಡೀ ಮಾಡುವುದಾದರೂ ಏನು? ಎಷ್ಟು ವರ್ಷ ಹಿಡಿಯುತ್ತದೆ, ಅಲ್ಲಿಯವರೆಗೆ ಹೊಟ್ಟೆಪಾಡೇನು?
– ಓದುಗರು, ಉಡುಪಿ

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿದೆ: ಸಾಧ್ಯ. ಇಮ್ಯುನಾಲಜಿಯನ್ನು ದಶಕಗಳ ಕಾಲ ಕಾಡಿದ ದೊಡ್ಡದೊಂದು ಒಗಟನ್ನು ಬಿಡಿಸಿದವರು ವೈದ್ಯರಾಗಿರಲಿಲ್ಲ. ಅವರು ನಿಮ್ಮ ಮಗಳಂತೆಯೇ ರಸಾಯನಶಾಸ್ತ್ರದ ವಿದ್ಯಾರ್ಥಿಯಾಗಿದ್ದವರು, ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಮೊದಲ ಸಲ ಅನುತ್ತೀರ್ಣರಾದವರು. ಅವರ ಹೆಸರು ಸುಸುಮು ಟೊನೆಗಾವಾ. ಈ ವಿಷಯವನ್ನು ಮಂಗಳೂರಿನಲ್ಲಿ 26 ವರ್ಷ ಪಾಠ ಮಾಡಿ ನಿವೃತ್ತನಾದ ನನಗೆ, ನೀವು ಕೇಳಿದ್ದೆಲ್ಲಕ್ಕೂ ಅವರ ಸಂಶೋಧನಾ ಜೀವನವನ್ನೇ ಮುಂದಿಟ್ಟುಕೊಂಡು ಉತ್ತರಿಸುವುದು ಸುಲಭವೆನಿಸುತ್ತದೆ.

ಅದಕ್ಕೆ ಮೊದಲು ಪದಗಳ ಬಗ್ಗೆ ಒಂದು ಮಾತು. ಮಾಲಿಕ್ಯುಲರ್ ಬಯಾಲಜಿಯನ್ನು ಕೆಲವರು ‘ಅಣುಜೀವಶಾಸ್ತ್ರ’ ಎಂದು ಬರೆಯುತ್ತಾರೆ, ಆದರೆ ಕನ್ನಡದಲ್ಲಿ ಅಣುಜೀವಿ ಎಂದರೆ ಬ್ಯಾಕ್ಟೀರಿಯಾದಂತಹ ಸೂಕ್ಷ್ಮಜೀವಿ ಎಂಬ ಅರ್ಥವೂ ಇರುವುದರಿಂದ ಎರಡೂ ಕಲಸಿಹೋಗುತ್ತವೆ. ಜೀವಕೋಶದೊಳಗಿನ ಡಿಎನ್ಎ, ಆರ್‌ಎನ್ಎ, ಪ್ರೋಟೀನುಗಳೆಂಬ ಅಣುಗಳ ಮಟ್ಟದಲ್ಲಿ ಜೀವವನ್ನು ಅಭ್ಯಸಿಸುವ ಈ ಶಾಖೆಯನ್ನು ನಾನು ಆಣ್ವಿಕ ಜೀವವಿಜ್ಞಾನ ಎನ್ನುತ್ತೇನೆ. ಇಮ್ಯುನಾಲಜಿಗೆ ರೋಗನಿರೋಧಶಾಸ್ತ್ರ ಎಂಬ ಪದವಿದೆಯಾದರೂ ಇಂಗ್ಲಿಷ್ ಪದವೇ ಎಲ್ಲರ ಬಾಯಲ್ಲಿರುವುದರಿಂದ ಅದನ್ನೇ ಇಟ್ಟುಕೊಳ್ಳೋಣ.

ಒಗಟು ಏನೆಂದರೆ, ನಮ್ಮ ರಕ್ತದಲ್ಲಿ ರೋಗಾಣುಗಳಿಗೆ ಅಂಟಿ ಅವನ್ನು ತಡೆಯುವ ಪ್ರತಿಕಾಯಗಳೆಂಬ (ಆ್ಯಂಟಿಬಾಡಿ) ಪ್ರೋಟೀನುಗಳಿವೆ. ಒಂದೊಂದು ಬಗೆಯ ಪ್ರತಿಕಾಯ ತನಗೆ ಹೊಂದುವ ಆಕಾರಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ದಡಾರದ ವೈರಸ್ಸಿಗೆ ಅಂಟುವುದು ಧನುರ್ವಾಯುವಿನ ವಿಷಕ್ಕೆ ಅಂಟುವುದಿಲ್ಲ. ವಿಚಿತ್ರವೆಂದರೆ, ದೇಹ ಹಿಂದೆಂದೂ ಕಾಣದ, ಪ್ರಕೃತಿಯಲ್ಲಿ ಇಲ್ಲವೇ ಇಲ್ಲದ, ಪ್ರಯೋಗಾಲಯದಲ್ಲಿ ಹೊಸದಾಗಿ ತಯಾರಿಸಿದ ರಾಸಾಯನಿಕವನ್ನು ಒಂದು ಪ್ರೋಟೀನಿಗೆ ಜೋಡಿಸಿ ಮೊಲಕ್ಕೆ ಚುಚ್ಚಿದರೂ ಅದಕ್ಕೆ ತಕ್ಕ ಪ್ರತಿಕಾಯ ಮೂಡುತ್ತದೆ. ಇದನ್ನು ಕಾರ್ಲ್ ಲ್ಯಾಂಡ್‌ಸ್ಟೈನರ್ ಕಳೆದ ಶತಮಾನದ ಮೊದಲ ಭಾಗದಲ್ಲೇ ತೋರಿಸಿದ್ದರು. ಲಕ್ಷಾಂತರ, ಕೋಟ್ಯಂತರ ಬಗೆಯ ಪ್ರತಿಕಾಯಗಳನ್ನು ಮಾಡಬಲ್ಲ ಮನುಷ್ಯನಲ್ಲಿ ಪ್ರೋಟೀನ್ ತಯಾರಿಸುವ ಜೀನ್‌ಗಳು ಇರುವುದು ಸುಮಾರು 20,000 ಎಂದು ಇಂದು ನಮಗೆ ಗೊತ್ತು. ಒಂದು ಜೀನಿಗೆ ಒಂದು ಪ್ರೋಟೀನ್ ಎಂಬ ಲೆಕ್ಕ ಇಲ್ಲಿ ಹೇಗೂ ಹೊಂದುವುದಿಲ್ಲ.

ಇದರ ಬಗ್ಗೆ ವಿಜ್ಞಾನಿಗಳು ಎರಡು ಬಣಗಳಾಗಿದ್ದರು. ಎಲ್ಲ ಪ್ರತಿಕಾಯಗಳ ಜೀನ್‌ಗಳೂ ತಂದೆ ತಾಯಿಯಿಂದಲೇ ಬರುತ್ತವೆ ಎಂದು ಒಂದು ಬಣ; ಕೆಲವೇ ಜೀನ್‌ಗಳು ಬಂದು, ಬದುಕಿನ ಅವಧಿಯಲ್ಲಿ ದೇಹದ ಕೋಶಗಳೊಳಗೆ ಅವು ಬದಲಾಗುತ್ತವೆ ಎಂದು ಇನ್ನೊಂದು. 1965ರಲ್ಲಿ ವಿಲಿಯಂ ಡ್ರೇಯರ್ ಮತ್ತು ಕ್ಲಾಡ್ ಬೆನೆಟ್ ಮೂರನೆಯ ಮಾತೊಂದನ್ನು ಹೇಳಿದರು: ಪ್ರತಿಕಾಯದ ಬದಲಾಗುವ ತುದಿಗೆ ಒಂದು ಜೀನ್, ಬದಲಾಗದ ಬುಡಕ್ಕೆ ಇನ್ನೊಂದು ಜೀನ್ ಇದ್ದು, ಕೋಶದಲ್ಲಿ ಅವೆರಡೂ ಹತ್ತಿರ ಬಂದು ಕೂಡಿಕೊಳ್ಳಬೇಕು. ಡಿಎನ್ಎ ಎಂದರೆ ಕಲ್ಲಿನಲ್ಲಿ ಕೊರೆದ ಶಾಸನವೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಕೋಶವು ತನ್ನ ಡಿಎನ್ಎಯನ್ನು ತಾನೇ ಕತ್ತರಿಸಿ ಜೋಡಿಸುತ್ತದೆಂಬ ಈ ಮಾತಿಗೆ ಹೆಚ್ಚು ಬೆಲೆ ಸಿಗಲಿಲ್ಲ. ಅದನ್ನು ಪರೀಕ್ಷಿಸುವ ಉಪಾಯವೂ ಆಗ ಇರಲಿಲ್ಲ.

ಟೊನೆಗಾವಾ ಹುಟ್ಟಿದ್ದು 1939ರಲ್ಲಿ, ಜಪಾನಿನ ನಗೋಯಾದಲ್ಲಿ. ಕ್ಯೋಟೋ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ಮೊದಲ ಯತ್ನದಲ್ಲಿ ಆಯ್ಕೆಯಾಗದೆ, 1959ರಲ್ಲಿ ಸೇರಿಕೊಂಡರು. ಬ್ಯಾಕ್ಟೀರಿಯಾದಲ್ಲಿ ಜೀನ್‌ಗಳು ಹೇಗೆ ನಿಯಂತ್ರಣಗೊಳ್ಳುತ್ತವೆಂಬ ಬಗ್ಗೆ ಫ್ರಾನ್ಸಿನ ಫ್ರಾನ್ಸ್ವಾ ಜಾಕೋಬ್ ಮತ್ತು ಜಾಕ್ ಮೊನೋ ಬರೆದ ಪ್ರಬಂಧಗಳನ್ನು ಓದಿದ ಮೇಲೆ ಮನಸ್ಸು ಆಣ್ವಿಕ ಜೀವವಿಜ್ಞಾನದತ್ತ ತಿರುಗಿತು. 1963ರಲ್ಲಿ ಪದವಿ ಮುಗಿಸಿ, ಕ್ಯೋಟೋದಲ್ಲೇ ಇಟಾರು ವಟನಾಬೆ ಅವರ ಪ್ರಯೋಗಾಲಯ ಸೇರಿದ ಎರಡೇ ತಿಂಗಳಲ್ಲಿ, ಈ ವಿಷಯಕ್ಕೆ ಇಲ್ಲಿ ಸರಿಯಾದ ತರಬೇತಿಯಿಲ್ಲ, ಅಮೆರಿಕಕ್ಕೆ ಹೋಗು ಎಂದು ಸ್ವತಃ ಆ ಗುರುಗಳೇ ಸಲಹೆ ನೀಡಿದರು. ತನ್ನಲ್ಲಿಗೆ ಬಂದ ಜಾಣ ವಿದ್ಯಾರ್ಥಿಯನ್ನು ಹೀಗೆ ಬಿಟ್ಟುಕೊಡುವ ಗುರುಗಳು ಎಲ್ಲ ಕಾಲಕ್ಕೂ ಅಪರೂಪ. ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮಸಾಕಿ ಹಯಾಶಿ ಅವರ ಬಳಿ, ಬ್ಯಾಕ್ಟೀರಿಯಾಗಳಿಗೆ ಸೋಂಕು ತಗಲಿಸುವ ಲ್ಯಾಂಬ್ಡಾ ಎಂಬ ವೈರಸ್ಸಿನ ಮೇಲೆ ಕೆಲಸ ಮಾಡಿ 1968ರಲ್ಲಿ ಪಿಎಚ್.ಡಿ. ಪಡೆದರು. ಬಳಿಕ ಹತ್ತಿರದ ಸಾಲ್ಕ್ ಸಂಸ್ಥೆಯಲ್ಲಿ ರೆನಾಟೋ ಡುಲ್ಬೆಕೋ ಅವರೊಂದಿಗೆ ಗಡ್ಡೆ ಬರಿಸುವ ಇನ್ನೊಂದು ವೈರಸ್ಸಿನ ಅಧ್ಯಯನ. ಇಲ್ಲಿಯವರೆಗೆ ಇಮ್ಯುನಾಲಜಿಯ ಗಂಧಗಾಳಿಯೂ ಇಲ್ಲ ಎಂಬುದನ್ನು ಗಮನಿಸಿ.

ಇಮ್ಯುನಾಲಜಿಗೆ ಅವರನ್ನು ತಂದದ್ದು ವೀಸಾ. ಫುಲ್‌ಬ್ರೈಟ್ ಎಂಬ ಅಮೆರಿಕ ಸರ್ಕಾರದ ಪ್ರಯಾಣ ವೇತನ ಪಡೆದಿದ್ದರಿಂದ, 1970ರ ಕೊನೆಗೆ ಅವರು ಅಮೆರಿಕ ಬಿಟ್ಟು ಕನಿಷ್ಠ ಎರಡು ವರ್ಷ ಹೊರಗಿರಬೇಕಿತ್ತು. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಹಾಫ್‌ಮನ್-ಲಾ ರೋಶ್ ಔಷಧ ಕಂಪನಿಯ ಹಣದಿಂದ ಹೊಸದಾಗಿ ತೆರೆದಿದ್ದ ಇಮ್ಯುನಾಲಜಿ ಸಂಸ್ಥೆಗೆ ಹೋಗಿ ನೋಡು ಎಂದು ಡುಲ್ಬೆಕೋ ಸೂಚಿಸಿದರು. 1971ರ ಚಳಿಗಾಲದಲ್ಲಿ ಅಲ್ಲಿಗೆ ಹೋದ ಟೊನೆಗಾವಾ ಅವರಿಗೆ ಸುತ್ತ ಕಂಡವರೆಲ್ಲ ಇಮ್ಯುನಾಲಜಿಯವರು. ಅವರ ಭಾಷೆ ಇವರಿಗೆ ಬಾರದು, ಇವರ ಕೆಲಸ ಅವರಿಗೆ ಅರ್ಥವಾಗದು. ಸಂಸ್ಥೆಯ ನಿರ್ದೇಶಕರಾಗಿದ್ದ ನೀಲ್ಸ್ ಯೆರ್ನೆ ಅವರಿಗೆ ಪ್ರತಿಕಾಯಗಳ ವೈವಿಧ್ಯವೇ ಜೀವನದ ವಿಷಯ. ಹಳೆಯ ವೈರಸ್ಸಿನ ಕೆಲಸ ಅಲ್ಲಿ ಸಾಗುವುದಿಲ್ಲವೆಂದು ಒಂದು ವರ್ಷದೊಳಗೇ ಮನವರಿಕೆಯಾಗಿ, ಸುತ್ತಲಿನವರು ವಾದಿಸುತ್ತಿದ್ದ ಒಗಟನ್ನೇ ಕೈಗೆತ್ತಿಕೊಂಡರು. ಅವರ ಬಳಿ ಇದ್ದದ್ದು, ಅಲ್ಲಿನ ಬೇರೆಯವರ ಬಳಿ ಇಲ್ಲದ ಒಂದು ಕೈಗುಣ: ಡಿಎನ್ಎ, ಆರ್‌ಎನ್ಎಗಳನ್ನು ಶುದ್ಧವಾಗಿ ತೆಗೆದು ಒಂದಕ್ಕೊಂದು ಬೆಸೆದು ಅಳೆಯುವ ಅಭ್ಯಾಸ. ಮೊದಲು ಆ ವಿಧಾನದಿಂದ ಪ್ರತಿಕಾಯದ ಜೀನ್‌ಗಳನ್ನು ಎಣಿಸಲು ಹೊರಟರು. ಎಲ್ಲವೂ ಹುಟ್ಟಿನಿಂದಲೇ ಬಂದಿದ್ದರೆ ಇರಬೇಕಾಗಿದ್ದ ಸಂಖ್ಯೆಗಿಂತ ತೀರ ಕಡಿಮೆ ಸಿಕ್ಕವು. ಹಾಗಾದರೆ ಕೋಶದೊಳಗೆ ಏನೋ ನಡೆಯುತ್ತಿರಬೇಕು.

ಅದನ್ನು ತೋರಿಸಿದ ಪ್ರಯೋಗವನ್ನು ನೊಬುಮಿಚಿ ಹೊಜುಮಿ ಅವರೊಂದಿಗೆ ಮಾಡಿ 1976ರಲ್ಲಿ ಪ್ರಕಟಿಸಿದರು. ನಾನು ಪ್ರತಿವರ್ಷ ತರಗತಿಯಲ್ಲಿ ಇದಕ್ಕೆಂದೇ ಒಂದು ಪೂರ್ತಿ ಗಂಟೆ ಇಡುತ್ತಿದ್ದೆ, ಇಲ್ಲಿಯೂ ತುಸು ನಿಧಾನವಾಗಿಯೇ ಹೇಳುತ್ತೇನೆ. ಒಂದು ಕಡೆ ಇಲಿಯ ಭ್ರೂಣದ ಡಿಎನ್ಎ; ಅದರಲ್ಲಿ ಇನ್ನೂ ಪ್ರತಿಕಾಯ ತಯಾರಾಗುತ್ತಿಲ್ಲ. ಇನ್ನೊಂದು ಕಡೆ ಇಲಿಯ ಮಯಲೋಮಾ ಎಂಬ ಗಡ್ಡೆಯ ಡಿಎನ್ಎ. ಪ್ರತಿಕಾಯ ಮಾಡುವ ಒಂದೇ ಕೋಶದಿಂದ ಬೆಳೆದ ಗಡ್ಡೆಯಾದ್ದರಿಂದ ಅದರ ಕೋಶಗಳೆಲ್ಲ ಒಂದೇ ಪ್ರತಿಕಾಯವನ್ನು ತಯಾರಿಸುತ್ತವೆ. ಡಿಎನ್ಎಯನ್ನು ನಿರ್ದಿಷ್ಟ ಅಕ್ಷರಗಳ ಜಾಗದಲ್ಲಿ ಮಾತ್ರ ಕತ್ತರಿಸುವ ಕಿಣ್ವಗಳು ಆಗಷ್ಟೇ ಕೈಗೆ ಬಂದಿದ್ದವು. ಅಂತಹ ಒಂದು ಕಿಣ್ವದಿಂದ ಎರಡೂ ಡಿಎನ್ಎಗಳನ್ನು ತುಂಡರಿಸಿ, ಅಗರೋಸ್ ಜೆಲ್ಲಿನಲ್ಲಿ ವಿದ್ಯುತ್ ಹರಿಸಿ, ತುಂಡುಗಳನ್ನು ಗಾತ್ರಕ್ಕೆ ತಕ್ಕಂತೆ ಸಾಲಾಗಿ ಹರಡಿದರು. ಆಮೇಲೆ ಆ ಜೆಲ್ಲನ್ನು ಹಲ್ವದ ಹಾಗೆ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಪ್ರತಿಯೊಂದು ಬಿಲ್ಲೆಯಿಂದ ಡಿಎನ್ಎ ಹೊರತೆಗೆದು, ವಿಕಿರಣಶೀಲ ಅಯೋಡಿನ್ ಗುರುತು ಹಚ್ಚಿದ, ಪ್ರತಿಕಾಯದ ಜೀನಿನ ನಕಲಾದ ಆರ್‌ಎನ್ಎಯನ್ನು ಅದಕ್ಕೆ ಬೆಸೆದು, ಯಾವ ಬಿಲ್ಲೆಯಲ್ಲಿ ಎಷ್ಟು ಅಂಟಿತೆಂದು ಎಣಿಸಿದರು. ಇಡೀ ಆರ್‌ಎನ್ಎಯಿಂದ ಒಂದು ಸಲ. ಬದಲಾಗದ ಬುಡವನ್ನು ಮಾತ್ರ ಹೇಳುವ ಅರ್ಧ ಆರ್‌ಎನ್ಎಯಿಂದ ಇನ್ನೊಂದು ಸಲ.

ಭ್ರೂಣದ ಡಿಎನ್ಎಯಲ್ಲಿ ಎರಡು ಕಡೆ ಅಂಟು ಕಂಡಿತು. ಬುಡದ ಭಾಗ ಸುಮಾರು 60 ಲಕ್ಷ ಅಣುತೂಕದ (ಅಣುತೂಕ ಹೆಚ್ಚಿದಷ್ಟು ತುಂಡು ದೊಡ್ಡದು) ತುಂಡಿನಲ್ಲಿತ್ತು, ಬದಲಾಗುವ ತುದಿಯ ಭಾಗ 39 ಲಕ್ಷದ ತುಂಡಿನಲ್ಲಿತ್ತು. ಗಡ್ಡೆಯ ಡಿಎನ್ಎಯಲ್ಲಿ ಈ ಎರಡೂ ಮಾಯವಾಗಿ, 24 ಲಕ್ಷದ ಒಂದೇ ತುಂಡಿನಲ್ಲಿ ತುದಿ ಬುಡಗಳೆರಡೂ ಸಿಕ್ಕವು. ಭ್ರೂಣದಲ್ಲಿ ದೂರ ದೂರವಿದ್ದ ಎರಡು ಭಾಗಗಳು ಪ್ರತಿಕಾಯ ತಯಾರಿಸುವ ಕೋಶದಲ್ಲಿ ಅಕ್ಕಪಕ್ಕ ಬಂದು ಕುಳಿತಿದ್ದವು. ಡ್ರೇಯರ್ ಮತ್ತು ಬೆನೆಟ್ ಹೇಳಿದ್ದು ನಿಜವಾಗಿತ್ತು. ಇಡೀ ಶಾಸ್ತ್ರದ ದಿಕ್ಕು ಬದಲಿಸಿದ ಆ ಪ್ರಬಂಧದ ತಿರುಳು ಇಷ್ಟೇ, ಮೂರು ಅಂಕಿಗಳು.

ಮುಂದಿನ ವರ್ಷಗಳಲ್ಲಿ ಅವರ ಗುಂಪು ಈ ಜೀನ್‌ಗಳನ್ನು ಬೇರ್ಪಡಿಸಿ ಅಕ್ಷರ ಅಕ್ಷರವಾಗಿ ಓದಿದಾಗ ತುದಿಯ ಭಾಗವೂ ಒಂದೇ ತುಂಡಲ್ಲವೆಂದು ತಿಳಿಯಿತು. ಅದರಲ್ಲಿ ವಿ, ಜೆ ಎಂಬ ಕಿರುತುಂಡುಗಳಿವೆ. ಪ್ರತಿಕಾಯದಲ್ಲಿ ದೊಡ್ಡದು, ಚಿಕ್ಕದು ಎಂದು ಎರಡು ಬಗೆಯ ಪ್ರೋಟೀನ್ ಸರಪಳಿಗಳಿದ್ದು, ದೊಡ್ಡ ಸರಪಳಿಯಲ್ಲಿ ನಡುವೆ ಡಿ ಎಂಬುದೂ ಇದೆ. ಯಕ್ಷಗಾನದ ಚೌಕಿಯನ್ನು ನೆನಪಿಸಿಕೊಳ್ಳಿ. ಮೇಳದ ಪೆಟ್ಟಿಗೆಗಳಲ್ಲಿ ಇರುವುದು ಇಷ್ಟು ಕಿರೀಟ, ಇಷ್ಟು ಎದೆಪದಕ, ಇಷ್ಟು ಭುಜಕೀರ್ತಿ. ಆದರೆ ಬೇರೆ ಬೇರೆಯಾಗಿ ಕೂಡಿಸಿ ತೊಟ್ಟರೆ ಹುಟ್ಟುವ ವೇಷಗಳು ಹತ್ತಾರು. ಮನುಷ್ಯನ ದೊಡ್ಡ ಸರಪಳಿಗೆ ಕೆಲಸ ಮಾಡುವ ವಿ ತುಂಡುಗಳು ಸುಮಾರು 40, ಡಿ ಸುಮಾರು 23, ಜೆ 6. ಗುಣಿಸಿದರೆ 5,520. ಚಿಕ್ಕ ಸರಪಳಿಯ ಎರಡು ಬಗೆಗಳಿಂದ ಇದೇ ರೀತಿ 320ರಷ್ಟು ಸಿಗುತ್ತವೆ. ದೊಡ್ಡದು ಚಿಕ್ಕದು ಸೇರಿದಾಗ 17 ಲಕ್ಷ ದಾಟುತ್ತದೆ. ಇದರ ಮೇಲೆ, ತುಂಡುಗಳು ಕೂಡುವ ಸಂದಿಯಲ್ಲಿ ಕೋಶವು ಮನಸ್ಸಿಗೆ ಬಂದಂತೆ ಅಕ್ಷರಗಳನ್ನು ಸೇರಿಸುತ್ತದೆ, ಅಳಿಸುತ್ತದೆ. ಸೋಂಕು ತಗಲಿದ ಮೇಲೆ ಇನ್ನಷ್ಟು ತಿದ್ದುತ್ತದೆ. ಹೀಗೆ ಲಕ್ಷಗಳು ಕೋಟಿಗಳಾಗುತ್ತವೆ.

ಹೋಲಿಕೆ ಒಂದು ಕಡೆ ಮುರಿಯುತ್ತದೆ. ಚೌಕಿಯಲ್ಲಿ ಬೆಳಗಾದ ಮೇಲೆ ವೇಷ ಕಳಚಿ ಎಲ್ಲವನ್ನೂ ಪೆಟ್ಟಿಗೆಗೆ ಹಾಕುತ್ತಾರೆ. ಕೋಶದಲ್ಲಿ ಹಾಗಿಲ್ಲ, ಕೂಡಿದ ಎರಡು ತುಂಡುಗಳ ನಡುವೆ ಇದ್ದ ಡಿಎನ್ಎ ಸಾಮಾನ್ಯವಾಗಿ ಕತ್ತರಿಸಿ ಹೋಗುತ್ತದೆ, ಆ ಕೋಶಕ್ಕೆ ಅದು ಮರಳಿ ಸಿಗುವುದಿಲ್ಲ. ಹೀಗೆ ಹೊರಬಿದ್ದ ತುಂಡು ಬಳೆಯಂತೆ ದುಂಡಾಗಿ ಕೆಲಕಾಲ ಕೋಶದಲ್ಲಿ ಉಳಿದಿರುತ್ತದೆ. ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಕ ಕೋಶಗಳಲ್ಲಿಯೂ ಇಂತಹುದೇ ಕತ್ತರಿ ಕೆಲಸ ನಡೆಯುತ್ತದೆ, ಅಲ್ಲಿಯೂ ಈ ಬಳೆಗಳು ಬೀಳುತ್ತವೆ. ಕೆಲವು ದೇಶಗಳಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಲ್ಲಿ ಈ ಬಳೆಗಳು ಎಷ್ಟಿವೆಯೆಂದು ಅಳೆಯುತ್ತಾರೆ. ಇಲ್ಲವೇ ಇಲ್ಲವೆಂದಾದರೆ ಮಗುವಿಗೆ ರೋಗನಿರೋಧ ಶಕ್ತಿಯೇ ಇಲ್ಲದ ಗಂಭೀರ ಕಾಯಿಲೆಯ ಸಂಶಯ, ಸೋಂಕು ತಗಲುವ ಮೊದಲೇ ಅಸ್ಥಿಮಜ್ಜೆಯ ಕಸಿಗೆ ಸಿದ್ಧತೆ. ರಕ್ತದ ಕ್ಯಾನ್ಸರಿನ ಕೆಲವು ಬಗೆಗಳಲ್ಲಿ ಚಿಕಿತ್ಸೆಯ ನಂತರ ಕೆಟ್ಟ ಕೋಶ ಉಳಿದಿದೆಯೇ ಎಂದು ಹುಡುಕಲು ಕೂಡ ಅದರ ಜೀನ್ ಜೋಡಣೆಯ ಗುರುತೇ ಆಧಾರ. ಡಾಕ್ಟರಲ್ಲದವರು ಮಾಡಿದ ಸಂಶೋಧನೆ ರೋಗಿಯ ಮಂಚದವರೆಗೆ ಹೋಗುತ್ತದೆಯೇ ಎಂಬ ಅನುಮಾನ ನಿಮಗಿದ್ದರೆ, ಹೋಗುತ್ತದೆ. ಕೆಲವೊಮ್ಮೆ ಮೂವತ್ತು ವರ್ಷ ತಡವಾಗಿ.

ಟೊನೆಗಾವಾ 1981ರಲ್ಲಿ ಅಮೆರಿಕದ ಎಂಐಟಿಗೆ ಪ್ರಾಧ್ಯಾಪಕರಾಗಿ ಹೋದರು. 1987ರ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಬಂದಿತು. ಅಲ್ಲಿಗೆ ಮುಗಿಯಿತೆಂದುಕೊಂಡರೆ, 1990ರ ದಶಕದ ಹೊತ್ತಿಗೆ ಇಮ್ಯುನಾಲಜಿಯನ್ನೇ ಬದಿಗಿಟ್ಟು ಮಿದುಳಿನ ಸಂಶೋಧನೆಗಿಳಿದರು. 2012ರಲ್ಲಿ ಅವರ ಗುಂಪು ಇಲಿಯ ಮಿದುಳಿನಲ್ಲಿ ನಿರ್ದಿಷ್ಟ ನೆನಪೊಂದನ್ನು ಹೊತ್ತ ನರಕೋಶಗಳನ್ನು ಬೆಳಕಿನಿಂದ ಎಬ್ಬಿಸಿ ಆ ನೆನಪನ್ನು ಮರುಕಳಿಸಿ ತೋರಿಸಿತು. ಇಷ್ಟು ಸಲ ಹೊಲ ಬದಲಿಸುವುದು ಎಲ್ಲರಿಗೂ ಕೈಹಿಡಿಯುವುದಿಲ್ಲ, ನಿಮ್ಮ ಮಗಳಿಗೆ ಹಾಗೆ ಮಾಡೆಂದು ನಾನು ಹೇಳುವುದೂ ಇಲ್ಲ. ಆದರೆ ರಸಾಯನಶಾಸ್ತ್ರವನ್ನು ಗಟ್ಟಿಯಾಗಿ ಕಲಿತಿದ್ದರೆ ಇಮ್ಯುನಾಲಜಿಯ ಪರಿಭಾಷೆಯನ್ನು ಎರಡು ವರ್ಷದಲ್ಲಿ ಕಲಿಯಬಹುದು. ಪರಿಭಾಷೆ ಮಾತ್ರ ಕಲಿತು ರಸಾಯನಶಾಸ್ತ್ರ ಜೊಳ್ಳಾಗಿದ್ದರೆ ಪ್ರಯೋಗಾಲಯದಲ್ಲಿ ದಿನವೂ ಮುಗ್ಗರಿಸಬೇಕಾಗುತ್ತದೆ. ಬಿ.ಎಸ್ಸಿ. ಮಟ್ಟದಲ್ಲೇ ಆಕರ್ಷಕ ಹೆಸರಿನ ಕೋರ್ಸುಗಳ ಹಿಂದೆ ಹೋಗುವವರಿಗಿಂತ ನಿಮ್ಮ ಮಗಳ ಆಯ್ಕೆ ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ದಿನವಿಡೀ ಮಾಡುವುದೇನು ಎಂದು ಕೇಳಿದ್ದೀರಿ. ಹೆಚ್ಚಿನ ದಿನ, ಬಣ್ಣವಿಲ್ಲದ ನೀರಿನಂತಹ ದ್ರವವನ್ನು ಒಂದು ಪುಟ್ಟ ಕೊಳವೆಯಿಂದ ಇನ್ನೊಂದಕ್ಕೆ ಹಾಕುವುದು, ಕಾಯುವುದು, ಬರೆದಿಡುವುದು. ಹನಿಯೊಂದರ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಅಳತೆಯಲ್ಲಿ ವ್ಯವಹಾರ. ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ ಇಲಿಯ ಗುಲ್ಮದ ಕೋಶಗಳಿಂದ ಪ್ರತಿಕಾಯದ ಜೀನ್‌ಗಳನ್ನು ಪಿಸಿಆರ್, ಅಂದರೆ ಡಿಎನ್ಎಯ ತುಂಡೊಂದನ್ನು ಲಕ್ಷಾಂತರ ನಕಲು ಮಾಡುವ ವಿಧಾನದ ಮೂಲಕ ವೃದ್ಧಿಸುತ್ತಿದ್ದೆ. ಪ್ರತಿ ಸಲವೂ ಡಿಎನ್ಎ ಹಾಕದೆ ಬರೀ ನೀರು ಹಾಕಿದ ಒಂದು ಕೊಳವೆಯನ್ನು ಜೊತೆಗಿಡುವುದು ನಿಯಮ. ಅದರಲ್ಲಿ ಏನೂ ಕಾಣಬಾರದು. ಒಂದು ದಿನ ಅತಿನೇರಳೆ ಬೆಳಕಿನ ಮೇಲೆ ಜೆಲ್ ಇಟ್ಟು ನೋಡಿದರೆ ಆ ನೀರಿನ ಸಾಲಿನಲ್ಲೂ ಕಿತ್ತಳೆ ಬಣ್ಣದ ಪಟ್ಟೆ ಹೊಳೆಯುತ್ತಿತ್ತು. ಹಳೆಯ ಚಿತ್ರಗಳನ್ನು ತೆಗೆದು ನೋಡಿದಾಗ ಅದೇ ಪಟ್ಟೆ ಮಸುಕಾಗಿ ಐದು ತಿಂಗಳಿಂದ ಅಲ್ಲೇ ಇತ್ತು, ನಾನು ನೋಡಲು ಇಷ್ಟಪಟ್ಟಿರಲಿಲ್ಲ. ನನ್ನದೇ ಪಿಪೆಟ್ಟಿನಿಂದ ಹಾರಿದ ಹಳೆಯ ಡಿಎನ್ಎ ನೀರಿನ ಶೀಶೆಗೆ ಸೇರಿತ್ತು. ಐದು ತಿಂಗಳ ಕೆಲಸವನ್ನು ಕಸದ ಬುಟ್ಟಿಗೆ ಹಾಕಿ ಮೊದಲಿಂದ ಶುರು ಮಾಡಿದೆ. ಆ ಸಂಜೆ ನನ್ನ ಮಾರ್ಗದರ್ಶಕರು ಬೈಯದೆ, ಹೊಸ ನೀರನ್ನು ಸಣ್ಣ ಸಣ್ಣ ಕೊಳವೆಗಳಲ್ಲಿ ಹಂಚಿಡುವುದನ್ನು ನನ್ನ ಪಕ್ಕದಲ್ಲೇ ಕುಳಿತು ತೋರಿಸಿಕೊಟ್ಟರು. ನಾನು ಈ ಕ್ಷೇತ್ರದಲ್ಲಿ ಉಳಿದದ್ದು ಬಹುಶಃ ಅದರಿಂದಲೇ.

ಈ ವಿದ್ಯೆಗೆ ನಮ್ಮ ಕರಾವಳಿಯಲ್ಲೇ ಬಳಕೆಯಿದೆ ಎಂಬುದು ಮಲ್ಪೆಯಲ್ಲಿರುವ ನಿಮಗೆ ಗೊತ್ತಿರಬಹುದು. ನಾವು ಎಟ್ಟಿ ಎನ್ನುವ ಸಿಗಡಿಗೆ ಪ್ರತಿಕಾಯಗಳೇ ಇಲ್ಲ. ಮೇಲೆ ಹೇಳಿದ ಜೀನ್ ಜೋಡಣೆ ಬೆನ್ನೆಲುಬುಳ್ಳ ಪ್ರಾಣಿಗಳ ಸ್ವತ್ತು. 1990ರ ದಶಕದ ನಡುವೆ ಬಿಳಿಚುಕ್ಕೆ ವೈರಸ್ ನಮ್ಮ ದೇಶದ ಸಿಗಡಿ ಕೆರೆಗಳಿಗೆ ಬಂದಾಗ, ಮಕ್ಕಳಿಗೆ ಹಾಕುವಂತಹ ಲಸಿಕೆ ಸಿಗಡಿಗೆ ಹಾಕುವಂತಿರಲಿಲ್ಲ. ಮರಿಗಳನ್ನು ಕೆರೆಗೆ ಬಿಡುವ ಮೊದಲೇ ವೈರಸ್ ಇದೆಯೇ ಎಂದು ಪಿಸಿಆರ್ ಮಾಡಿ ನೋಡುವುದೇ ದಾರಿಯಾಯಿತು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಂದ್ರಾಣಿ ಕರುಣಾಸಾಗರ್ ಮತ್ತು ಇಡ್ಯಾ ಕರುಣಾಸಾಗರ್ ಅವರು ಈ ಪತ್ತೆ ವಿಧಾನಗಳ ಮೇಲೆ ಮಾಡಿದ ಕೆಲಸ ದೇಶದ ಹೊರಗೂ ಹೆಸರಾಗಿದೆ.

ಇನ್ನು ವರ್ಷ ಮತ್ತು ಹಣ. ಎಂ.ಎಸ್ಸಿ.ಗೆ ಎರಡು ವರ್ಷ, ಪಿಎಚ್.ಡಿ.ಗೆ ಐದರಿಂದ ಆರು, ಆಮೇಲೆ ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಹುದ್ದೆಯಲ್ಲಿ ಎರಡರಿಂದ ನಾಲ್ಕು. ಸ್ವಂತ ಪ್ರಯೋಗಾಲಯ ಸಿಗುವ ಹೊತ್ತಿಗೆ ವಯಸ್ಸು ಮೂವತ್ತೆರಡು, ಮೂವತ್ತಮೂರು ದಾಟಿರುತ್ತದೆ, ಸಿಗುತ್ತದೆಂಬ ಖಾತರಿಯೂ ಇಲ್ಲ. ಟೊನೆಗಾವಾ ಆ ಪ್ರಬಂಧ ಪ್ರಕಟಿಸಿದಾಗ ಅವರಿಗೇ ಮೂವತ್ತೇಳರ ಆಸುಪಾಸು. ಹೊಟ್ಟೆಪಾಡಿಗೆ ತೊಂದರೆಯಿಲ್ಲ, ಎಂ.ಎಸ್ಸಿ. ನಂತರ ಸಿಎಸ್ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ವೇತನವಾದ ಜೆಆರ್‌ಎಫ್ ಪಡೆದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ, 2023ರ ಜನವರಿಯಿಂದ ಇದು ದರ. ಆದರೆ ಕೆಲವೆಡೆ ಈ ಹಣ ತಿಂಗಳುಗಟ್ಟಲೆ ತಡವಾಗಿ ಬರುವುದನ್ನು ನಾನು ನೋಡಿದ್ದೇನೆ. ಮನೆಯಿಂದ ಆರು ತಿಂಗಳ ಖರ್ಚಿನಷ್ಟು ಆಸರೆ ಕೈಯಲ್ಲಿರಲಿ. ಬಿ.ಎಸ್ಸಿ. ಮುಗಿದ ಕೂಡಲೇ ಸೇರಬಹುದಾದ ಎಂ.ಎಸ್ಸಿ.–ಪಿಎಚ್.ಡಿ. ಜೋಡಿ ಕೋರ್ಸುಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾದ ಎನ್‌ಸಿಬಿಎಸ್‌ನಲ್ಲೂ ಇವೆ. ಮೊದಲನೆಯದಕ್ಕೆ ಐಐಟಿಗಳು ನಡೆಸುವ ಜಾಮ್ ಎಂಬ ಪ್ರವೇಶ ಪರೀಕ್ಷೆಯ ದಾರಿ. ಇಮ್ಯುನಾಲಜಿಗೆಂದೇ ದೆಹಲಿಯಲ್ಲಿ ರಾಷ್ಟ್ರೀಯ ಸಂಸ್ಥೆಯಿದೆ. ಊರಲ್ಲೇ ಉಳಿಯಬೇಕೆಂದರೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ, ದೇರಳಕಟ್ಟೆಯ ಎರಡು ಖಾಸಗಿ ವಿಶ್ವವಿದ್ಯಾಲಯಗಳು ಮತ್ತು ಮಣಿಪಾಲ ಇವೆ. ಎಂ.ಎಸ್ಸಿ. ಇಲ್ಲೇ ಮಾಡಿ, ಪಿಎಚ್.ಡಿ.ಗೆ ಹೊರಗೆ ಹೋಗುವುದು ಒಳ್ಳೆಯದೆಂದು ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದಿದ್ದೇನೆ, ಒಂದೇ ಕಟ್ಟಡದಲ್ಲಿ ಹತ್ತು ವರ್ಷ ಕಳೆದವರಿಗೆ ಬೇರೆಯವರ ಕೈಚಳಕ ನೋಡುವ ಅವಕಾಶವೇ ಸಿಗುವುದಿಲ್ಲ.

ಸೇರುವ ಮುನ್ನ ಸಂಸ್ಥೆಯ ಹೆಸರಿಗಿಂತ ಪ್ರಯೋಗಾಲಯವನ್ನು ನೋಡಿ ನಿರ್ಧರಿಸಲಿ. ಮಾರ್ಗದರ್ಶಕರನ್ನು ಭೇಟಿಯಾಗುವುದಕ್ಕೂ ಮೊದಲು, ಅಲ್ಲಿ ನಾಲ್ಕನೆಯದೋ ಐದನೆಯದೋ ವರ್ಷದಲ್ಲಿರುವ ವಿದ್ಯಾರ್ಥಿಯೊಬ್ಬರನ್ನು ಕ್ಯಾಂಟೀನಿನಲ್ಲಿ ಕೂರಿಸಿ ಒಂದು ಚಹಾ ಕುಡಿಸಿ, ಕಳೆದ ಸಲ ನಿಮ್ಮ ಪ್ರಯೋಗ ಕೆಟ್ಟಾಗ ನಿಮ್ಮ ಸರ್ ಅಥವಾ ಮೇಡಂ ಏನೆಂದರು ಎಂದು ಕೇಳಲಿ, ಉತ್ತರ ಹೇಳುವ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿದ್ದರೆಂಬುದನ್ನೂ ಗಮನಿಸಲಿ.